ಒಂದು ರಾಜ್ಯ, ಐದು ಬಗೆಯ ಮಾತು

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕೇಳಿದ್ದೇವೆ. ಆದರೆ ಮಾತು ಬಲ್ಲವರೇ ಇಬ್ಬರು ಎದುರುಬದುರು ಕುಳಿತು, ಒಂದೇ ಭಾಷೆಯಲ್ಲಿ ಮಾತನಾಡಿ, ಒಬ್ಬರನ್ನೊಬ್ಬರು ತಪ್ಪಾಗಿ ತಿಳಿದುಕೊಂಡು ಏಳುವುದೂ ಉಂಟು. ಗಾದೆ ಕಟ್ಟಿದ ಹಿರಿಯರು ಈ ಸಂದರ್ಭವನ್ನು ಎಣಿಸಿರಲಿಲ್ಲವೆಂದು ತೋರುತ್ತದೆ. ನಮ್ಮ ನಾಡಿನಲ್ಲಿ ಇಂಥ ಸಂದರ್ಭವು ಒಂದು ಮನೆಯಲ್ಲಲ್ಲ, ಇಡೀ ರಾಜ್ಯದ ಕಚೇರಿಗಳಲ್ಲಿಯೇ ಒದಗಿತು. 1956ನೆಯ ಇಸವಿ ನವೆಂಬರ್ 1ರಂದು.

ಅಂದು ಮೈಸೂರು ರಾಜ್ಯದೊಡನೆ ಮುಂಬಯಿ ಪ್ರಾಂತದ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳೂ, ಹೈದರಾಬಾದಿನ ಗುಲ್ಬರ್ಗ, ರಾಯಚೂರು, ಬೀದರ ಜಿಲ್ಲೆಗಳೂ, ಮದರಾಸಿನ ದಕ್ಷಿಣ ಕನ್ನಡವೂ, ಕೊಡಗೂ ಕೂಡಿದವು. ಬಳ್ಳಾರಿ 1953ರಲ್ಲಿಯೇ ಬಂದು ಸೇರಿತ್ತು. ಹೀಗೆ 19 ಜಿಲ್ಲೆಗಳ ಹೊಸ ರಾಜ್ಯವಾಗಿ, ಎಸ್. ನಿಜಲಿಂಗಪ್ಪನವರು ಅದರ ಮೊದಲ ಮುಖ್ಯಮಂತ್ರಿಗಳಾದರು. ಏಕೀಕರಣದ ಹೋರಾಟದ ಕಥೆಯನ್ನು ನಾವು ಪ್ರತಿ ವರ್ಷವೂ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದುದೇ. ಆದರೆ ಮರುದಿನದ ಕಥೆಯನ್ನು ಹೇಳುವವರು ಕಡಮೆ. ಭೂಪಟದ ಗೆರೆ ಒಂದೇ ದಿನದಲ್ಲಿ ಅಳಿಸಿತು. ಐದು ಆಡಳಿತಗಳ ಪದ್ಧತಿಯಲ್ಲಿ ಪಳಗಿದ ನೌಕರರು ಒಂದೇ ಸರ್ಕಾರದ ಕೆಲಸವನ್ನು ಕೂಡಿ ಮಾಡಬೇಕಾಯಿತು. ಎಲ್ಲರ ಬಾಯಲ್ಲಿಯೂ ಕನ್ನಡ. ಆದರೆ ಯಾವ ಕನ್ನಡ?

ತಾಲ್ಲೂಕಿನ ಅಧಿಕಾರಿಯನ್ನೇ ತೆಗೆದುಕೊಳ್ಳೋಣ. ಆತನು ಮೈಸೂರಿನಲ್ಲಿ ಅಮಲ್ದಾರ, ಧಾರವಾಡದಲ್ಲಿ ಮಾಮಲೇದಾರ, ಹೈದರಾಬಾದು ಮತ್ತು ಮದರಾಸಿನ ಸೀಮೆಗಳಲ್ಲಿ ತಹಶೀಲ್ದಾರ, ಕೊಡಗಿನಲ್ಲಿ ಸುಬೇದಾರ. ಹಳ್ಳಿಯ ಲೆಕ್ಕ ಬರೆಯುವವನು ಒಂದೆಡೆ ಶ್ಯಾನುಭೋಗ, ಒಂದೆಡೆ ಕುಲಕರ್ಣಿ ಅಥವಾ ತಲಾಠಿ, ಇನ್ನೊಂದೆಡೆ ಪಟವಾರಿ. ಮೈಸೂರಿನವರು ರುಜು ಮಾಡುವ ಕಡೆ ಧಾರವಾಡದವರು ಸಹಿ ಮಾಡುತ್ತಿದ್ದರು, ಗುಲ್ಬರ್ಗದವರು ದಸ್ತಖತ್ತು ಹಾಕುತ್ತಿದ್ದರು. ಇಲ್ಲಿ ಗುಮಾಸ್ತೆ ರಜಾ ಕೇಳಿ ಸಂಬಳ ಪಡೆದರೆ, ಅಲ್ಲಿ ಕಾರಕೂನ ಸೂಟಿ ಕೇಳಿ ಪಗಾರ ಪಡೆಯುತ್ತಿದ್ದ. ಇವೆಲ್ಲ ಕೇಳಿದೊಡನೆ ಬೇರೆ ಮಾತೆಂದು ತಿಳಿಯುವುದರಿಂದ ಅಪಾಯವಿಲ್ಲ, ಅರ್ಥವಾಗದಿದ್ದರೆ ಕೇಳಿಕೊಳ್ಳಬಹುದು. ಅಪಾಯವಿರುವುದು ಪರಿಚಿತವೆನಿಸುವ ಮಾತಿನಲ್ಲಿ. ಧಾರವಾಡದ ರೈತನು ‘ಹೊಲ ಲಾವಣಿ ಹಾಕೀನ್ರಿ’ ಎಂದರೆ ಭೂಮಿಯನ್ನು ಗೇಣಿಗೆ ಕೊಟ್ಟಿದ್ದಾನೆ ಎಂದರ್ಥ. ಲಾವಣಿ ಎಂದರೆ ಹಾಡು ಎಂದಷ್ಟೇ ತಿಳಿದ ಮೈಸೂರಿನವನು ಏನು ತಿಳಿದುಕೊಳ್ಳಬೇಕು?

ಶಬ್ದಕ್ಕಿಂತ ಹೆಚ್ಚು ತೊಡಕಿನದು ಮಾತಿನ ರೀತಿ. ಇದಕ್ಕೂ ಚರಿತ್ರೆಯ ಕಾರಣಗಳುಂಟು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯಲ್ಲಿ ಪ್ರತಿನಿಧಿಗಳು ದಿವಾನರ ಎದುರಿಗೆ ನಿಂತು ಅಹವಾಲು ಹೇಳಿಕೊಳ್ಳುತ್ತಿದ್ದರು. ಅರಮನೆ ಮತ್ತು ಹಜೂರು ಕಚೇರಿಯ ನೆರಳಿನಲ್ಲಿ ಬೆಳೆದ ಮೈಸೂರಿನ ಮಾತಿಗೆ ಬಿನ್ನಹದ ಸೌಮ್ಯ ಬಂದದ್ದು ಆಶ್ಚರ್ಯವಲ್ಲ. ಅಲ್ಲಿ ‘ಇಲ್ಲ’ ಎನ್ನುವುದನ್ನೂ ‘ನೋಡೋಣ’ ಎಂದೇ ಹೇಳಬೇಕು. ಧಾರವಾಡದ ಕಡೆಯವರು ಪೇಶ್ವೆಯರ ಕಾಲದಿಂದ ಮರಾಠಿಯ ದಫ್ತರಗಳ ನಡುವೆ ತಮ್ಮ ಭಾಷೆಯನ್ನು ಕೂಗಿ ಉಳಿಸಿಕೊಂಡವರು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದದ್ದೂ, 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದೂ ಈ ಹಿನ್ನೆಲೆಯಲ್ಲಿಯೇ. ಅವರ ಮಾತು ನೇರ. ಅದರ ಮರ್ಯಾದೆಯೆಲ್ಲ ಕೊನೆಯ ‘ರೀ’ಕಾರದಲ್ಲಿ ಇರುತ್ತದೆ. ಆ ‘ರೀ’ಯನ್ನು ಕೇಳಿಸಿಕೊಳ್ಳಲಾರದವನಿಗೆ ‘ಬರ್ರಿ, ಕೂಡ್ರಿ’ ಎಂಬ ಉಪಚಾರವೂ ಅಪ್ಪಣೆಯಂತೆ ಕೇಳಿಸುತ್ತದೆ.

ಮಂಗಳೂರಿನವರದು ಇನ್ನೊಂದು ಬಗೆ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಕನ್ನಡವನ್ನು ಶಾಲೆಯಲ್ಲಿ ಕಲಿತವರು ಅನೇಕರಾದ್ದರಿಂದ, ಅವರ ಕನ್ನಡ ಗ್ರಂಥಕ್ಕೆ ಹತ್ತಿರ. ಕೇಳುವವರಿಗೆ ಅದು ಬಿಗುಮಾನವೆಂದು ತೋರಬಹುದು. ಮನೆಯಲ್ಲಿ ಕೊಡವ ಮಾತನಾಡುವ ಕೊಡಗಿನವರದೂ ಹೆಚ್ಚು ಕಡಮೆ ಇದೇ ಸ್ಥಿತಿ. ಹೈದರಾಬಾದಿನ ಭಾಗದಿಂದ ಬಂದವರ ಕಷ್ಟ ಇವರೆಲ್ಲರಿಗಿಂತ ದೊಡ್ಡದು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯುವ ತನಕ ಅಲ್ಲಿ ಸರ್ಕಾರದ ಭಾಷೆ ಉರ್ದು. ಉರ್ದುವಿನಲ್ಲಿ ಓದಿ, ಉರ್ದುವಿನಲ್ಲಿಯೇ ಕಡತ ಬರೆದು ನುರಿತವನು ಬೆಂಗಳೂರಿನ ವಿಧಾನಸೌಧದ ಸಭೆಯಲ್ಲಿ ಸುಮ್ಮನೆ ಕುಳಿತರೆ, ಆತನಿಗೆ ಕೆಲಸವೇ ಗೊತ್ತಿಲ್ಲವೆಂದು ತೀರ್ಮಾನಿಸುವುದು ಎಷ್ಟು ಸುಲಭ! ಮೌನವನ್ನು ಅಜ್ಞಾನವೆಂದೂ, ನೇರನುಡಿಯನ್ನು ಒರಟುತನವೆಂದೂ, ಸೌಮ್ಯವನ್ನು ಕಪಟವೆಂದೂ ಓದಿಕೊಂಡರೆ ಒಂದೇ ಮೇಜಿನ ಸುತ್ತ ಕುಳಿತವರೂ ಪರಕೀಯರಾಗುತ್ತಾರೆ. ಸೇವಾ ಹಿರಿತನದ ಪಟ್ಟಿಗಳ ವ್ಯಾಜ್ಯ ವರ್ಷಗಟ್ಟಲೆ ನಡೆದು ನ್ಯಾಯಾಲಯಗಳನ್ನು ಮುಟ್ಟಿತು. ಅದಕ್ಕೆ ಕಾಯಿದೆಯ ಕಾರಣಗಳಿದ್ದವು, ನಿಜ. ಆದರೆ ಪರಸ್ಪರ ನಂಬಿಕೆಯಿಲ್ಲದ ಕಡೆ ಕಾಯಿದೆಯ ಸಣ್ಣ ತೊಡಕೂ ದೊಡ್ಡದಾಗುತ್ತದೆ.

ಇದು ಹಳೆಯ ಕಾಲದ ಮಾತು ಎಂದು ವಾಚಕರು ತಳ್ಳಿಹಾಕಬಾರದು. ಮೈಸೂರು ಸೀಮೆಯವನಾದ ನಾನು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಉತ್ತರದ ಒಂದು ಊರಿನ ಕಾಲೇಜಿಗೆ ಅಧ್ಯಾಪಕನಾಗಿ ಹೋದೆ. ಅಲ್ಲಿನ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಮಧ್ಯಾಹ್ನ, ‘ಸರ, ಈ ಯಾದಿ ಇವತ್ತ ಸಂಜೀಕ ಮುಗಿಸಿ ಕೊಡ್ರಿ’ ಎಂದರು. ಮೊದಲನೆಯದಾಗಿ, ಅಪ್ಪಣೆ ಮಾಡಲು ಇವರಾರು ಎಂದು ನನಗೆ ಮುನಿಸು ಬಂತು. ಎರಡನೆಯದಾಗಿ, ಸಂಜೆಯೊಳಗೆ ಆ ಕೆಲಸ ಮುಗಿಯುವಂತಿರಲಿಲ್ಲ. ಎರಡನ್ನೂ ಬಾಯಿಬಿಟ್ಟು ಹೇಳದೆ, ನಮ್ಮ ಕಡೆಯ ವಾಡಿಕೆಯಂತೆ, ‘ಆಗಲಿ ಸಾರ್, ನೋಡೋಣ’ ಎಂದು ನಕ್ಕು ಮನೆಗೆ ಹೋದೆ. ಅವರು ‘ಆಗಲಿ’ಯನ್ನು ನಂಬಿದರು, ನಾನು ‘ನೋಡೋಣ’ವನ್ನು ನೆಚ್ಚಿದ್ದೆ. ರಾತ್ರಿ ಎಂಟರ ತನಕ ಅವರು ಕಚೇರಿಯಲ್ಲಿ ನನಗಾಗಿ ಕಾದಿದ್ದರಂತೆ. ಮರುದಿನ ಅವರು ಸಿಟ್ಟಾಗಲಿಲ್ಲ. ‘ಆಗೂದಿಲ್ಲ ಅಂತ ನಿನ್ನೇನ ಅಂದಿದ್ರ ನಾ ಬ್ಯಾರೆ ದಾರಿ ನೋಡ್ತಿದ್ದೆ. ಇಲ್ಲ ಅನ್ನೂದ್ರಾಗ ಏನ್ ತಪ್ಪೈತ್ರಿ?’ ಎಂದರು. ನಾನು ಸೌಜನ್ಯವೆಂದು ಎಣಿಸಿದ್ದು ಅವರ ಪಾಲಿಗೆ ಕೊಟ್ಟು ತಪ್ಪಿದ ಮಾತಾಗಿತ್ತು. ಅಂದಿನಿಂದ ಅವರೊಡನೆ ‘ಇಲ್ಲ’ ಎನ್ನಲು ಕಲಿತೆ. ಅವರೂ ನನ್ನ ‘ನೋಡೋಣ’ ಕೇಳಿದಾಗಲೆಲ್ಲ, ‘ಅಂದ್ರ ಇಲ್ಲ, ಹೌದಲ್ರೀ?’ ಎಂದು ನಗುತ್ತ ಖಚಿತಮಾಡಿಕೊಳ್ಳತೊಡಗಿದರು. ನಮ್ಮಿಬ್ಬರ ಕೆಲಸ ಆಮೇಲೆ ಚೆನ್ನಾಗಿ ಸಾಗಿತು.

ನಾಡಿನ ಮಟ್ಟದಲ್ಲಿಯೂ ನಡೆದದ್ದು ಹೆಚ್ಚು ಕಡಮೆ ಇದೇ. ಬೇರೆ ಬೇರೆ ಸೀಮೆಗಳ ಕನ್ನಡಿಗರು ಒಬ್ಬರ ಬರಹವನ್ನು ಒಬ್ಬರು ತಿಳಿಯುವಂತಾಗಬೇಕೆಂಬ ಹಂಬಲ 1915ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದಾಗಲೇ ಇತ್ತು. ಈ ಕೆಲಸದಲ್ಲಿ ಸಾಹಿತಿಗಳು ಸರ್ಕಾರಕ್ಕಿಂತ ಮುಂದಿದ್ದರು. ಬೇಂದ್ರೆಯವರ ಕವಿತೆಯಿಂದ ಧಾರವಾಡದ ಆಡುಮಾತು ಮೈಸೂರಿನ ಓದುಗರಿಗೆ ಪ್ರಿಯವಾಯಿತು. ಮೈಸೂರು ಸರ್ಕಾರದಲ್ಲಿ ಅಧಿಕಾರಿಗಳಾಗಿದ್ದ ಮಾಸ್ತಿಯವರು 1944ರಲ್ಲಿ ಧಾರವಾಡದ ‘ಜೀವನ’ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡರು. ಕಚೇರಿಗಳ ಸರದಿ ಆಮೇಲೆ ಬಂತು. 1963ರಲ್ಲಿ ರಾಜಭಾಷೆಯ ಅಧಿನಿಯಮವಾಯಿತು. 1964ರ ಭೂಕಂದಾಯ ಅಧಿನಿಯಮವು ಆ ಐದು ಸೀಮೆಗಳ ಬೇರೆ ಬೇರೆ ಕಾನೂನುಗಳ ಸ್ಥಾನದಲ್ಲಿ ನಿಂತಿತು. ಅಮಲ್ದಾರ, ಮಾಮಲೇದಾರ, ಸುಬೇದಾರರು ಮರೆಯಾಗಿ ಎಲ್ಲೆಡೆಯೂ ತಹಶೀಲ್ದಾರರೇ ಆದರು. 1973ರಲ್ಲಿ ರಾಜ್ಯದ ಹೆಸರೂ ಕರ್ನಾಟಕವಾಯಿತು.

ಆದರೂ ಕಾನೂನಿನಿಂದ ಆಗುವುದು ಹುದ್ದೆಯ ಹೆಸರಿನ ಏಕತೆ ಮಾತ್ರ. ಇಂದಿಗೂ ಜಮೀನಿನ ಒಂದೇ ಕಾಗದಕ್ಕೆ ಮೈಸೂರಿನ ಕಡೆ ಪಹಣಿ ಎನ್ನುತ್ತಾರೆ, ಧಾರವಾಡದ ಕಡೆ ಉತಾರ ಎನ್ನುತ್ತಾರೆ. ಎರಡೂ ಮಾತನ್ನು ಬಲ್ಲ ಗುಮಾಸ್ತೆಯ ಎದುರು ರೈತನ ಕೆಲಸ ಒಂದು ಗಳಿಗೆಯಲ್ಲಿ ಮುಗಿಯುತ್ತದೆ. ಒಂದನ್ನೇ ಬಲ್ಲವನ ಎದುರು ಆತ ಇನ್ನೊಂದು ದಿನದ ಬಸ್ಸಿನ ಖರ್ಚು ಮಾಡಬೇಕಾಗುತ್ತದೆ. ನನ್ನ ತರಗತಿಯಲ್ಲಿ ಈಗ ಕಲಬುರಗಿಯ ಹುಡುಗ, ಪುತ್ತೂರಿನ ಹುಡುಗಿ, ಮಂಡ್ಯದ ಹುಡುಗ ಒಂದೇ ಸಾಲಿನಲ್ಲಿ ಕೂರುತ್ತಾರೆ. ಒಬ್ಬನ ಮಾತಿಗೆ ಇನ್ನೊಬ್ಬ ನಕ್ಕಾಗ ನಾನು ಪಾಠ ನಿಲ್ಲಿಸಿ, ‘ನಿಮ್ಮ ಊರಿನಲ್ಲಿ ಹಾಗೆಂದರೆ ಏನಪ್ಪಾ?’ ಎಂದು ಕೇಳುತ್ತೇನೆ. ಪಾಠ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಬಿದ್ದರೆ ಬೀಳಲಿ, ನಾಳೆ ಇವರೇ ಒಂದೇ ಕಚೇರಿಯಲ್ಲಿ ಕೂಡಿ ದುಡಿಯಬೇಕಾದವರು.