ಹಗೇವಿನಲ್ಲಿ ದೀಪ ಯಾಕೆ ಆರುತ್ತಿತ್ತು

ಹೋದ ವಾರ ಮದಕರಿಪುರದ ನಮ್ಮ ಹಳೇ ಮನೆ ಹಿತ್ತಲಲ್ಲಿ ಪೈಪ್‌ಲೈನಿಗೆ ಜೆಸಿಬಿಯಲ್ಲಿ ಕಾಲುವೆ ತೆಗೆಸ್ತಾ ಇದ್ದೆ. ಬಕೆಟ್ಟಿಗೆ ಒಂದು ಚಪ್ಪಡಿ ತಗುಲಿತು. ಸರಿಸಿದ್ರೆ ಕೆಳಗೆ ಬರೀ ಕತ್ತಲು, ಮುಗ್ಗಲು ವಾಸನೆ. ಅಜ್ಜನ ಕಾಲದ ಹಗೇವು! ಮಗ ಮೊಬೈಲ್ ಟಾರ್ಚ್ ಹಾಕ್ಕೊಂಡು ಒಳಗೆ ಕಾಲು ಇಳಿಬಿಟ್ಟಿದ್ದ. ರಟ್ಟೆ ಹಿಡಿದು ಎಳೆದೆ. "ಬೆಳಕು ಐತಲ್ಲಪ್ಪಾ" ಅಂದ. ಮೊಬೈಲು ಗಾಳಿ ಇಲ್ಲದಿದ್ರೂ ಉರೀತೈತೆ, ನಾವು ಹಂಗಲ್ಲ ಅಂದೆ. ಹುಡುಗರಿಗೆ ಇದು ಗೊತ್ತೇ ಇಲ್ಲವಲ್ಲ ಅನ್ನಿಸಿ ಬರೀತಿದ್ದೀನಿ.

ಹಗೇವು ಅಂದ್ರೆ ನೆಲದೊಳಗಿನ ರಾಗಿ ಕಣಜ. ನೀರು ಜಿನುಗದ ಗಟ್ಟಿ ನೆಲ ನೋಡಿ ತೋಡ್ತಿದ್ರು. ಬಾಯಿ ಒಬ್ಬ ಮನುಷ್ಯ ತೂರುವಷ್ಟು, ಹೊಟ್ಟೆ ಮಾತ್ರ ಅಗಲ. ಸುತ್ತ ಒಣಹುಲ್ಲು ಒತ್ತಿ, ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ್ರೆ ಮುಗೀತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕನನ್ ಅನ್ನೋ ಇಂಗ್ಲಿಷ್ ಕಂಪನಿಯ ವೈದ್ಯ ಕೂಡ ನಮ್ಮೋರು ರಾಗಿಯನ್ನ ಗುಳಿಯಲ್ಲಿ ಇಡೋದನ್ನ ಬರೆದಿಟ್ಟಿದ್ದಾನೆ. ಮಳೆ ನಂಬಿ ಬದುಕೋ ನಮ್ಮ ಸೀಮೆಗೆ ಇದೇ ಬ್ಯಾಂಕು. ಆದ್ರೆ ಎರಡು ಮೂರು ವರ್ಷ ಮಳೆ ಕೈಕೊಟ್ರೆ ಹಗೇವೂ ಬರಿದಾಗ್ತಿತ್ತು. ಧಾತು ಈಶ್ವರ ಸಂವತ್ಸರದ ಬರ, ಅಂದ್ರೆ 1876-78ರದ್ದು, ಅಂಥದ್ದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ಕ್ಕೆ 42 ಲಕ್ಷದ ಒಳಗೆ ಬಂದಿದ್ರು.

ಈಗ ಒಳಗೆ ನಡೆಯೋದು ಏನು ಅಂತ ನೋಡಿ. ಒಣಗಿದ ರಾಗಿ ಸತ್ತಿರಲ್ಲ, ಮಲಗಿರ್ತೈತೆ. ಬಲು ನಿಧಾನಕ್ಕೆ ಉಸಿರಾಡ್ತೈತೆ. ಜೊತೆಗೆ ಹುಳ, ಹುಲ್ಲಿಗೆ ಅಂಟಿದ ಬೂಷ್ಟು, ಎಲ್ಲವೂ ಉಸಿರಾಡ್ತವೆ. ಮೊದಲಿಗೆ ಗಾಳಿಯಲ್ಲಿ ನೂರಕ್ಕೆ 21 ಪಾಲು ಇದ್ದ ಆಮ್ಲಜನಕ ದಿನದಿನಕ್ಕೆ ಕರಗಿ, ಆ ಜಾಗಕ್ಕೆ ಇಂಗಾಲದ ಡೈ ಆಕ್ಸೈಡ್ ತುಂಬ್ಕೊಳ್ತೈತೆ. ಹುಳ ಉಸಿರುಕಟ್ಟಿ ಸಾಯ್ತವೆ, ಬೂಷ್ಟು ನಿಲ್ಲುತ್ತೆ. ರಾಗಿ ಕಾಳು ಚಿಕ್ಕದು, ಗಟ್ಟಿ, ಹುಳಕ್ಕೆ ಅಷ್ಟು ಸುಲಭದ ತುತ್ತಲ್ಲ, ಅದೂ ಒಂದು ಕಾರಣ. ನೀರು ಜಿನುಗಿದ ಅಂಚಿನ ಕಾಳು ಮಾತ್ರ ಹುಳಿಯಾಗಿ ಕಪ್ಪು ಹೆಂಟೆ ಕಟ್ತಿತ್ತು. ಅಲ್ಲಿ ಗಾಳಿ ಬೇಡದ ಜೀವಿಗಳು ಕೆಲಸ ಶುರು ಮಾಡಿರ್ತಿದ್ವು.

ಗಾಳಿ ಬೇಡದ ಜೀವ ಅಂತ ಒಂದಿದೆ ಅನ್ನೋದನ್ನ ಮೊದಲು ತೋರಿಸಿದೋನು ಫ್ರಾನ್ಸಿನ ಲೂಯಿ ಪಾಶ್ಚರ್, 1861ರಲ್ಲಿ. ಬೆಣ್ಣೆ ಕಮಟಾದಾಗ ಬರೋ ಆಮ್ಲ ಐತಲ್ಲ, ಅದನ್ನ ಹುದುಗಿನಲ್ಲಿ ಹುಟ್ಟಿಸೋ ಸೂಕ್ಷ್ಮಜೀವಿ ಗಾಳಿ ತಾಗಿದ್ರೆ ಚಲನೆ ನಿಲ್ಲಿಸ್ತಿತ್ತು! 1897ರಲ್ಲಿ ಜರ್ಮನಿಯ ಬುಕ್ನರ್ ಯೀಸ್ಟನ್ನ ಮರಳಿನ ಜೊತೆ ಅರೆದು ರಸ ಹಿಂಡಿ ಸಕ್ಕರೆಗೆ ಹಾಕಿದ. ಜೀವಂತ ಯೀಸ್ಟ್ ಇಲ್ಲದಿದ್ರೂ ನೊರೆ ಬಂತು. ಕೆಲಸ ಮಾಡೋದು ಕೋಶದೊಳಗಿನ ಕಿಣ್ವ ಅಂತ ಗೊತ್ತಾಯ್ತು. 1907ರಲ್ಲಿ ನೊಬೆಲ್ ಕೊಟ್ರು.

ಲೆಕ್ಕ ನಮ್ಮ ಸಂತೆ ಲೆಕ್ಕದ ಥರಾನೇ. ಒಂದು ಗ್ಲೂಕೋಸ್ ಕಣವನ್ನ ಆಮ್ಲಜನಕದ ಜೊತೆ ಪೂರ್ತಿ ಸುಟ್ರೆ ಕೋಶಕ್ಕೆ ಸುಮಾರು 30 ಎಟಿಪಿ ಸಿಗ್ತವೆ. ಎಟಿಪಿ ಅಂದ್ರೆ ಕೋಶದ ಒಳಗಿನ ಚಿಲ್ಲರೆ ಕಾಸು. ಗಾಳಿ ಇಲ್ಲದೆ ಹುದುಗಿದ್ರೆ ಬರೋದು ಬರೀ 2. ಮಿಕ್ಕ ಶಕ್ತಿ ಹುಳಿಯಲ್ಲೋ ಹೆಂಡದಲ್ಲೋ ಉಳ್ಕೊಳ್ತೈತೆ. ನಾವು ಜೋಳದ ದಂಟು ತುಳಿದು ಮಾಡೋ ರಸಮೇವು ಇದೇ ಲೆಕ್ಕದ ಮೇಲೆ ನಿಂತಿರೋದು. ಬ್ಯಾಕ್ಟೀರಿಯಾ ಎರಡು ಕಾಸು ತಿಂದು ಉಳಿದದ್ದನ್ನ ಹುಳಿಯಾಗಿ ಹಸುವಿಗೆ ಬಿಡ್ತವೆ. ಟಾರ್ಪಾಲಿಗೆ ಒಂದು ತೂತು ಬಿದ್ರೆ ಗಾಳಿ ನುಗ್ಗಿ ಬೂಷ್ಟು ಬಂದು ಪೂರಾ ತಿಂದು ಹಾಕ್ತೈತೆ. ಎರಡು ವರ್ಷದ ಹಿಂದೆ ನನಗೆ ಅರ್ಧ ಗುಂಡಿ ಹೋಗೈತೆ, ಇಲಿ ಮಾಡಿದ ಕೆಲಸ.

ಈ ಎರಡು ಕಾಸಿನಲ್ಲಿ ಬ್ಯಾಕ್ಟೀರಿಯಾ ಸಂಸಾರ ಮಾಡ್ತೈತೆ. ನಮ್ಮ ತೊಡೆಯ ಮಾಂಸವೂ ಓಡುವಾಗ ಒಂದೆರಡು ನಿಮಿಷ ತಳ್ಳುತ್ತೆ. ಮಿದುಳಿಗೆ ಆಗಲ್ಲ. ಮೇಲೆ ಇಂಗಾಲದ ಡೈ ಆಕ್ಸೈಡ್ ಬೇರೆ, ಅದು ಗಾಳಿಗಿಂತ ಒಂದೂವರೆ ಪಟ್ಟು ತೂಕ. ತಳದಲ್ಲಿ ನೀರಿನ ಹಂಗೆ ನಿಂತಿರ್ತೈತೆ, ಬಣ್ಣ ಇಲ್ಲ, ಕಾಣಲ್ಲ. ಬಗ್ಗಿ ರಾಗಿ ಮೊಗೆಯೋನು ಅಲ್ಲೇ ಕುಸೀತಿದ್ದ. ಎತ್ತೋಕೆ ಇಳಿದ ಅಣ್ಣನೋ ತಮ್ಮನೋ ಅವನ ಮೇಲೇ ಬೀಳ್ತಿದ್ದ. ಅದಕ್ಕೇ ಅಜ್ಜ ಬಾಯಿ ತೆಗೆದ ದಿನ ಯಾರನ್ನೂ ಹತ್ತಿರ ಬಿಡ್ತಿರಲಿಲ್ಲ. ಒಂದು ದಿನ ಗಾಳಿಗೆ ಬಿಟ್ಟು, ಸೊಪ್ಪಿನ ಕೊಂಬೆ ಹಗ್ಗಕ್ಕೆ ಕಟ್ಟಿ ಒಳಗೆ ಆಡಿಸಿ, ಆಮೇಲೆ ದೀಪ ಇಳಿಸ್ತಿದ್ದ. ದೀಪ ಆರಿದ್ರೆ ಮತ್ತೊಂದು ದಿನ.

ಒಂದು ಮಾತು ಹೇಳಬೇಕು. ದೀಪ ಉರಿದ ಮಾತ್ರಕ್ಕೆ ಅಪಾಯ ಇಲ್ಲ ಅಂತ ಅಲ್ಲ. ಮನುಷ್ಯನಿಗೆ ಕೆಡುಕು ಮಾಡುವಷ್ಟು ಆ ಅನಿಲ ಇದ್ರೂ ದೀಪ ಉರೀಬಹುದು. ಗೋಬರ್ ಗ್ಯಾಸ್ ಗುಂಡಿಗಂತೂ ದೀಪ ಇಳಿಸಲೇಬೇಡಿ, ಅಲ್ಲಿರೋದು ಮೀಥೇನ್, ಹೊತ್ಕೊಳ್ತೈತೆ. ಒಳಗೆ ಯಾರಾದ್ರೂ ಬಿದ್ರೆ ಹಿಂದೇನೇ ಹಾರಬೇಡಿ, ಅಗ್ನಿಶಾಮಕದೋರಿಗೆ ಫೋನ್ ಮಾಡಿ.

ನಮ್ಮ ಹಗೇವನ್ನ ಎರಡು ದಿನ ತೆರೆದಿಟ್ಟೆ. ಯಾರೂ ಇಳಿಯಲಿಲ್ಲ. ಪಾತಾಳಗರಡಿ ಬಿಟ್ಟು ಕೆದಕಿದ್ದಕ್ಕೆ ಬೇವಿನ ಬೇರು, ಕಪ್ಪಾದ ಹೊಟ್ಟು ಬಂತು. ರಾಗಿ ಒಂದು ಕಾಳೂ ಇಲ್ಲ. ಎರಡು ಟ್ರಾಕ್ಟರ್ ಮಣ್ಣು ಹಾಕಿ ಮುಚ್ಚಿಸಿದೆ. ಚಪ್ಪಡಿ ಚೆನ್ನಾಗಿತ್ತು, ನಲ್ಲಿ ಪಕ್ಕ ಬಟ್ಟೆ ಒಗೆಯೋಕೆ ಹಾಕಿದ್ದೀವಿ.