ಹಾಡುವಳ್ಳಿಯ ವೈಯಾಕರಣರು

ಭಟ್ಕಳ ತಾಲ್ಲೂಕಿನ ಹಾಡುವಳ್ಳಿಗೆ ಸಂಗೀತಪುರವೆಂಬುದು ಹಳೆಯ ಹೆಸರು. ಅಲ್ಲಿಯ ಜೈನಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕದೇವರು ೧೬೦೪ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದರು, ೫೯೨ ಸಂಸ್ಕೃತ ಸೂತ್ರಗಳಲ್ಲಿ ಕನ್ನಡದ ವ್ಯಾಕರಣವನ್ನು ನಿರೂಪಿಸಿದರು. ಕನ್ನಡವು ಶಾಸ್ತ್ರಕ್ಕೆ ಒದಗದೆಂಬ ಆಕ್ಷೇಪವನ್ನು ಅವರು ಅಲ್ಲಿ ಖಂಡಿಸಿದ ರೀತಿ ಮನನೀಯವಾದುದು. ತೊಂಬತ್ತಾರು ಸಾವಿರ ಗ್ರಂಥಪ್ರಮಾಣದ ‘ಚೂಡಾಮಣಿ’ ವ್ಯಾಖ್ಯಾನವನ್ನು ಉದಾಹರಿಸಿ, ವ್ಯಾಕರಣ, ತರ್ಕ, ಆಗಮ, ಕಾವ್ಯ, ನಾಟಕ, ಅಲಂಕಾರ, ಕಲೆ ಇವೆಲ್ಲವುಗಳಲ್ಲಿಯೂ ಕನ್ನಡ ಕೃತಿಗಳುಂಟೆಂದರು.

ಇಂದು ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಮಹಾವಿದ್ಯಾಲಯಗಳಿವೆ. ಆದರೆ ಬರೆವಣಿಗೆಯನ್ನು ಕಲಿಸುವ ಹೊಣೆ ಭಾಷಾ ಅಧ್ಯಾಪಕರದು ಮಾತ್ರವೆಂಬ ಭಾವನೆ ನಾಡಿನಲ್ಲೆಲ್ಲ ಬೇರೂರಿದೆ. ರಸಾಯನಶಾಸ್ತ್ರದ ವಿದ್ಯಾರ್ಥಿಯು ತಾನರಿತುದನ್ನು ತಿಳಿಯಾಗಿ ಬರೆಯಲಾರದಿದ್ದರೆ ಆ ಅರಿವು ಅರ್ಧವೇ ಸರಿ. ಅಧ್ಯಾಪಕರಾಗಿರುವ ನಮ್ಮ ಮಠದ ಹಳೆಯ ವಿದ್ಯಾರ್ಥಿಗಳೇ, ನಿಮ್ಮ ವಿಷಯ ಯಾವುದೇ ಇರಲಿ, ಅದರ ಬರೆವಣಿಗೆಯನ್ನು ನೀವೇ ಕಲಿಸಿರಿ.