ಕೃತಕ ಮಂಡಿ ಎಷ್ಟು ಮಡಿಚೀತು?

ನೀವು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಾಗ ಮಂಡಿ 110 ಡಿಗ್ರಿಗೂ ಹೆಚ್ಚು ಮಡಿಚುತ್ತದೆ. ಸಮತಟ್ಟು ನೆಲದಲ್ಲಿ ನಡೆಯಲು ಸುಮಾರು 65 ಡಿಗ್ರಿ ಸಾಕು. ಕೃತಕ ಮಂಡಿಯ ಇತಿಹಾಸವೆಂದರೆ ಈ ಕೋನವನ್ನು ಹಿಗ್ಗಿಸಿದ ಇತಿಹಾಸವೂ ಹೌದು.

1890ರಲ್ಲಿ ಬರ್ಲಿನ್ನಿನ ಥೆಮಿಸ್ಟೋಕ್ಲಿಸ್ ಗ್ಲಕ್ ಕ್ಷಯದಿಂದ ಕೆಟ್ಟಿದ್ದ ಮಂಡಿಗೆ ದಂತದ ಕೀಲು ಜೋಡಿಸಿದರು. ಸೋಂಕಿನಿಂದಾಗಿ ಅದು ಉಳಿಯಲಿಲ್ಲ. 1950ರ ದಶಕದಲ್ಲಿ ಸ್ವೀಡನ್ನಿನ ವಾಲ್ಡಿಯಸ್ ಬಾಗಿಲ ತಿರುಗಣಿಯಂಥ ಕೀಲನ್ನು ಬಳಕೆಗೆ ತಂದರು. ಆದರೆ ನಿಜವಾದ ಮಂಡಿ ಒಂದೇ ಅಕ್ಷದ ಸುತ್ತ ತಿರುಗುವುದಿಲ್ಲ. ಮಡಿಚುವಾಗ ತೊಡೆಮೂಳೆಯ ತುದಿ ಉರುಳುತ್ತದೆ, ಜಾರುತ್ತದೆ, ತುಸು ತಿರುಚಿಕೊಳ್ಳುತ್ತದೆ. ಅದನ್ನು ತಡೆದ ತಿರುಗಣಿಗಳು ಮೂಳೆಯಿಂದ ಸಡಿಲಗೊಳ್ಳುತ್ತಿದ್ದವು.

1974ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್ ಮತ್ತು ಸಂಗಡಿಗರು ಮೂಳೆಯ ತುದಿಗಳನ್ನೇ ಹೋಲುವ ಲೋಹ-ಪ್ಲಾಸ್ಟಿಕ್ ಕೀಲನ್ನು ಅಳವಡಿಸಿದರು. ಅದು ಸರಾಸರಿ 90 ಡಿಗ್ರಿಯಷ್ಟೇ ಮಡಿಚುತ್ತಿತ್ತು. 1978ರ ಸುಧಾರಿತ ರೂಪದಲ್ಲಿ ಪ್ಲಾಸ್ಟಿಕ್ಕಿನ ನಡುವಿನ ಗೂಟವೊಂದು, ಮಂಡಿ ಮಡಿಚಿದಾಗ ತೊಡೆಮೂಳೆಯನ್ನು ಹಿಂದಕ್ಕೆ ಉರುಳಿಸಿತು. ಕೋನ ಸುಮಾರು 115ಕ್ಕೆ ಏರಿತು.

ಮುಂದೆ ಇನ್ನೂ ಹೆಚ್ಚು ಮಡಿಚುವಂತೆ ರೂಪಿಸಿದ ಕೀಲುಗಳು ಬಂದವು. ಹೋಲಿಸಿ ನೋಡಿದಾಗ ಅವುಗಳಿಂದ ಸಿಕ್ಕ ಲಾಭ ಅಲ್ಪ. ಏಕೆ? ಶಸ್ತ್ರಚಿಕಿತ್ಸೆ ಮೂಳೆಯ ಮೇಲ್ಮೈಯನ್ನು ಬದಲಿಸುತ್ತದೆ. ವರ್ಷಗಟ್ಟಲೆ ಮಡಿಚದೆ ಬಿಗಿದುಕೊಂಡ ಸ್ನಾಯು ಮತ್ತು ಕೀಲಿನ ಪೊರೆ ನಿಮ್ಮವೇ ಆಗಿ ಉಳಿಯುತ್ತವೆ. ಆದ್ದರಿಂದ ಚಿಕಿತ್ಸೆಯ ನಂತರ ಮಂಡಿ ಎಷ್ಟು ಮಡಿಚುತ್ತದೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಅದು ಮೊದಲು ಎಷ್ಟು ಮಡಿಚುತ್ತಿತ್ತು ಎಂಬುದೇ. ತೀರ ಬಿಗಿದ ಮಂಡಿ ಕೆಲವು ಡಿಗ್ರಿ ಗಳಿಸಬಹುದು; ಚೆನ್ನಾಗಿ ಮಡಿಚುತ್ತಿದ್ದದ್ದು ಕೆಲವನ್ನು ಕಳೆದುಕೊಳ್ಳಲೂಬಹುದು.

ನೋವಿಗೆ ಹೆದರಿ ಮಂಡಿಯನ್ನು ಮರಗಟ್ಟಲು ಬಿಡಬೇಡಿ. ವೈದ್ಯರು ಹೇಳಿದ ವ್ಯಾಯಾಮ ಶಸ್ತ್ರಚಿಕಿತ್ಸೆಗೆ ಮುನ್ನವೂ ಬೇಕು, ನಂತರವೂ ಬೇಕು.